ಸ್ಕ್ಯಾನಿಂಗು ಯಾವಾಗ? ಯಾರಿಗೆ?

ಅಂಡಾಶಯದ ಕ್ಯಾನ್ಸರಿಗೆ ಆಪರೇಷನ್, ಕಿಮೋ ಎಲ್ಲ ಮುಗಿಸಿ ಗೆಂಡೆಹಳ್ಳಿಯಂಥ ಊರಿಗೆ ಮರಳಿದ ಹೆಂಗಸಿಗೆ ಒಂದೇ ದಿಗಿಲು: ಮತ್ತೆ ಬಂತೇನೋ? ದಿಗಿಲು ಸುಳ್ಳಲ್ಲ. ಹೊಟ್ಟೆಯಲ್ಲಿ ಹಬ್ಬಿದ ಮೇಲೆ ಪತ್ತೆಯಾದ ಈ ರೋಗ ಬಹುಮಂದಿಗೆ ಮರುಕಳಿಸುತ್ತದೆ. ಹಾಗಂತ ಹೆದರಿಕೆಗೆಲ್ಲ ಸ್ಕ್ಯಾನಿಂಗು ಮಾಡಿಸಿ ಸಾಲ ಹೊರಬೇಕೆ?

ಬೇಡ. ತೊಂದರೆಯೇನೂ ಇಲ್ಲದಾಗ, ಸಿಎ-125 ರಕ್ತಪರೀಕ್ಷೆಯ ಅಂಕಿ ಏರಿತೆಂದು ಮಾತ್ರಕ್ಕೆ ಬೇಗ ಕಿಮೋ ಕೊಟ್ಟರೂ ಆಯುಸ್ಸು ಹೆಚ್ಚಲಿಲ್ಲವೆಂದು 2010ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯ ಅಧ್ಯಯನ ತೋರಿಸಿತು.

ಆದರೆ ಹೊಟ್ಟೆ ಉಬ್ಬರ, ಬಿಡದ ನೋವು ಕಂಡರೆ ತಡ ಮಾಡಬಾರದು. ಗಡ್ಡೆ ಎಲ್ಲಿದೆ, ಎಷ್ಟಿದೆ, ಕತ್ತರಿಗೆ ಸಿಕ್ಕೀತೇ ಎಂದು ಸಿ.ಟಿ. ಹೇಳುತ್ತದೆ. ಮೊದಲ ಸಲ ಮರುಕಳಿಸಿದವರಲ್ಲಿ ತಕ್ಕವರನ್ನು ಆರಿಸಿ ಮತ್ತೆ ಆಪರೇಷನ್ ಮಾಡಿದರೆ ಹೆಚ್ಚು ಕಾಲ ಬದುಕುತ್ತಾರೆಂದು 2021ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಸಾಸಿವೆಯಷ್ಟು ಗಂಟು ಸಿ.ಟಿ.ಗೆ ತಪ್ಪೀತು. ಪೆಟ್-ಸಿ.ಟಿ. ಕೆಲವೊಮ್ಮೆ ಹಿಡಿದೀತು, ಅದಕ್ಕೂ ಎಲ್ಲ ಕಾಣದು.

ಡಾಕ್ಟರನ್ನು ಕೇಳಿ: "ಸ್ವಾಮಿ, ಇದರಿಂದ ಚಿಕಿತ್ಸೆ ಬದಲಾಗುತ್ತದಾ?" ಹಳೆಯ ಫಿಲಂ ಒಯ್ಯಿರಿ. ಹೋಲಿಸಿ ನೋಡಿದರೇ ಹೊಸದಕ್ಕೆ ಬೆಲೆ. ಕರೆದ ದಿನದ ತಪಾಸಣೆ ಮಾತ್ರ ತಪ್ಪಿಸಬೇಡಿ.

ಅಧಿಕಾರಿಗಳಿಗೂ ಒಂದು ಮಾತು. 1973ರಿಂದ ನಡೆಯುತ್ತಿರುವ ಕಿದ್ವಾಯಿ ಆಸ್ಪತ್ರೆ ಇರುವುದು ಬೆಂಗಳೂರಿನಲ್ಲಿ. ಬೇಲೂರು ಸೀಮೆಯ ಬಡವಳನ್ನು ಒಂದು ಸಿ.ಟಿ.ಗಾಗಿ ಅಷ್ಟು ದೂರ ಅಲೆಸಬೇಕೆ? ಹಾಸನದಲ್ಲೇ ತೆಗೆದು ಚಿತ್ರವನ್ನು ಅಲ್ಲಿಗೆ ಕಳಿಸಲಿ. ಪ್ರಯಾಣ ಚಿತ್ರಕ್ಕಿರಲಿ, ರೋಗಿಗೆ ಬೇಡ. ಸಂಬಂಧಪಟ್ಟವರು ಕಣ್ಣು ಬಿಡುವರೇ?