ಮಗು ಮಲಗಿದೆ, ನಿಮಗೇಕೆ ಎಚ್ಚರ?

ಕೂಸು ರಾತ್ರಿ ಮೂರು ಸಲ ಎದ್ದರೆ ಹೆತ್ತವರ ನಿದ್ದೆ ಕೆಡುತ್ತದೆ. ಅದನ್ನು ಯಾರೂ ಕಾಯಿಲೆ ಎನ್ನುವುದಿಲ್ಲ. ತಲೆ ಕೆಡಿಸುವುದು ಅದರ ಮುಂದಿನ ಹಂತ. ಮಗುವಿಗೆ ಒಂದೂವರೆ ವರ್ಷ ತುಂಬಿದೆ, ಹತ್ತು ಗಂಟೆಗೆ ಮಲಗಿದರೆ ಬೆಳಗಿನತನಕ ಕಣ್ಣು ಬಿಡುವುದಿಲ್ಲ. ಈಗ ಎರಡೂವರೆಗೆ ಎದ್ದು ಕೂರುವವರು ಅಪ್ಪ ಇಲ್ಲವೇ ಅಮ್ಮ.

ಬೆಂಗಳೂರಿನ ಬಾಗಲಗುಂಟೆಯಂಥ ಕಡೆ ಇದಕ್ಕೆ ಕಾರಣ ಹುಡುಕುವುದು ಸುಲಭ. ಪಕ್ಕದಲ್ಲೇ ಪೀಣ್ಯದ ಕಾರ್ಖಾನೆಗಳು, ಅಲ್ಲಿನ ಶಿಫ್ಟುಗಳು. ತುಮಕೂರು ರಸ್ತೆಯ ಲಾರಿಗಳು. ಆದರೆ ಅದೇ ಲಾರಿ ಸದ್ದಿನಲ್ಲಿ ವರ್ಷಗಟ್ಟಲೆ ಗೊರಕೆ ಹೊಡೆದವರಿಗೆ ಈಗೇಕೆ ಅದು ಕೇಳಿಸತೊಡಗಿತು? ನಿದ್ದೆಯಲ್ಲೂ ಮಿದುಳು ಸದ್ದುಗಳನ್ನು ಸೋಸುತ್ತಿರುತ್ತದೆ. ಮಲಗಿದವರ ಮಿದುಳು ಬೇರೆ ಹೆಸರುಗಳಿಗಿಂತ ತಮ್ಮ ಹೆಸರಿಗೆ ಹೆಚ್ಚು ಸ್ಪಂದಿಸುತ್ತದೆ ಎಂದು 1960ರಲ್ಲೇ ಪ್ರಯೋಗ ಮಾಡಿ ತೋರಿಸಿದ್ದಾರೆ. ಮಗುವಿನ ಒಂದು ಕೆಮ್ಮಿಗೂ ಏಳುವ ಕಾವಲನ್ನು ತಿಂಗಳುಗಟ್ಟಲೆ ರೂಢಿಸಿಕೊಂಡ ಮಿದುಳು, ಕೆಲಸ ಮುಗಿದರೂ ಕಾವಲು ಬಿಡುವುದಿಲ್ಲ.

ಅಮೆರಿಕದ ಮನಶ್ಶಾಸ್ತ್ರಜ್ಞ ಆರ್ಥರ್ ಸ್ಪೀಲ್ಮನ್ ಮತ್ತು ಸಂಗಡಿಗರು 1987ರಲ್ಲಿ ನಿದ್ರಾಹೀನತೆಯನ್ನು ಮೂರು ಬಗೆಯ ಕಾರಣಗಳಾಗಿ ಬಿಡಿಸಿಟ್ಟರು. ಮೊದಲಿನಿಂದ ಇರುವ ಸ್ವಭಾವ ಒಂದು. ನಿದ್ದೆ ಕೆಡಿಸಿದ ಘಟನೆ ಇನ್ನೊಂದು, ಇಲ್ಲಿ ಅದು ಮಗು. ಮೂರನೆಯದೇ ಮುಖ್ಯ: ಕೆಟ್ಟ ನಿದ್ದೆಯನ್ನು ಸರಿಪಡಿಸಲು ನಾವು ಮಾಡುವ ಉಪಾಯಗಳೇ ಅದನ್ನು ಮುಂದುವರಿಸುತ್ತವೆ. ನಿನ್ನೆ ನಿದ್ದೆಯಾಗಲಿಲ್ಲವೆಂದು ಇವತ್ತು ಒಂಬತ್ತಕ್ಕೇ ಮಲಗುವುದು, ಭಾನುವಾರ ಹತ್ತರತನಕ ಏಳದಿರುವುದು, ಮಗುವಿನ ಜೊತೆ ಮಧ್ಯಾಹ್ನ ಎರಡು ಗಂಟೆ ಮಲಗುವುದು. ಬೇಗ ಮಲಗಿಕೋ ಎಂಬ ಹಿರಿಯರ ಬುದ್ಧಿವಾದ ಇಲ್ಲಿ ತಿರುಗುಬಾಣವಾಗುತ್ತದೆ.

ಯಾಕೆಂದರೆ, ಎಚ್ಚರವಿದ್ದಷ್ಟು ಹೊತ್ತೂ ಮಿದುಳಿನಲ್ಲಿ ಅಡಿನೋಸಿನ್ ಎಂಬ ರಾಸಾಯನಿಕ ಸೇರುತ್ತಾ ಹೋಗುತ್ತದೆ, ಅದೇ ನಿದ್ದೆಯ ಒತ್ತಡ. ಹಗಲು ನಿದ್ದೆ ಮಾಡಿದರೆ ಆ ಒತ್ತಡ ಅಲ್ಲೇ ಖರ್ಚಾಗುತ್ತದೆ. ಕಾಫಿ, ಟೀ ಅದನ್ನು ಖರ್ಚು ಮಾಡುವುದಿಲ್ಲ, ಮುಚ್ಚಿಡುತ್ತವೆ. ಸಂಜೆ ಐದರ ಟೀಯಲ್ಲಿದ್ದ ಕೆಫೀನಿನ ಸುಮಾರು ಅರ್ಧ ರಾತ್ರಿ ಹತ್ತಕ್ಕೂ ದೇಹದಲ್ಲಿರುತ್ತದೆ.

ಹಾಗಾದರೆ ಮಾಡುವುದೇನು? ನಿದ್ದೆ ಬರಲೇಬೇಕೆಂಬ ಹಟ ಬಿಡುವುದು. ಮನಶ್ಶಾಸ್ತ್ರಜ್ಞ ರಿಚರ್ಡ್ ಬೂಟ್ಜಿನ್ 1972ರಲ್ಲಿ ಹೇಳಿದ ನಿಯಮ ಸರಳವಾಗಿದೆ: ತೂಕಡಿಕೆ ಬಂದಾಗ ಮಾತ್ರ ಹಾಸಿಗೆಗೆ ಹೋಗಿ, ಬಾರದಿದ್ದರೆ ಎದ್ದುಬಿಡಿ. ಬೇರೆ ಕೋಣೆಗೆ ಹೋಗಿ ಎಂದು ಪುಸ್ತಕಗಳು ಬರೆಯುತ್ತವೆ. ಒಂದೇ ಕೋಣೆಯ ಬಾಡಿಗೆ ಮನೆಯಲ್ಲಿ ಬೇರೆ ಕೋಣೆ ಎಲ್ಲಿಂದ ಬರಬೇಕು? ಚಾಪೆ ಬಿಟ್ಟು ಅಡುಗೆಮನೆಯ ಹೊಸ್ತಿಲ ಬಳಿ ಮಂದ ಬೆಳಕಿನಲ್ಲಿ ಕೂತರೂ ಸಾಕು. ಗಡಿಯಾರವನ್ನು, ಮೊಬೈಲನ್ನು ನೋಡಬೇಡಿ. ಬೆಳಗ್ಗೆ ಏಳುವ ಹೊತ್ತು ಮಾತ್ರ ದಿನವೂ ಒಂದೇ ಇರಲಿ. ಪಾಳಿ ಬದಲಾಗುವವರಿಗೆ ಇದು ಆಗದ ಮಾತು, ಒಪ್ಪುತ್ತೇನೆ. ಅವರು ಒಂದು ಪಾಳಿಯ ಅವಧಿಯೊಳಗಾದರೂ ಹೊತ್ತು ಬದಲಿಸದಿರಲಿ.

ಇದರ ಮುಂದಿನ ಹೆಜ್ಜೆ, ಹಾಸಿಗೆಯಲ್ಲಿರುವ ಹೊತ್ತನ್ನೇ ಕಡಿಮೆ ಮಾಡುವುದು. ಒಂಬತ್ತು ಗಂಟೆ ಹಾಸಿಗೆಯಲ್ಲಿದ್ದು ಆರೇ ಗಂಟೆ ನಿದ್ದೆ ಮಾಡುವವರು ಹನ್ನೊಂದೂವರೆಗೆ ಮಲಗಿ ಐದೂವರೆಗೆ ಏಳುತ್ತಾರೆ. ನಿದ್ದೆ ಗಟ್ಟಿಯಾದಂತೆ ಅವಧಿ ಹೆಚ್ಚಿಸುತ್ತಾರೆ. ಮೊದಲ ವಾರ ತೂಕಡಿಕೆ ಜಾಸ್ತಿ. ಲೇತ್, ಪ್ರೆಸ್ ಮುಂದೆ ನಿಲ್ಲುವವರು, ವಾಹನ ಓಡಿಸುವವರು, ಮೂರ್ಛೆರೋಗ ಅಥವಾ ಬೈಪೋಲಾರ್ ಕಾಯಿಲೆ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಕೂಡದು. ಇವೆಲ್ಲ ಸೇರಿದ ಚಿಕಿತ್ಸೆಗೆ ಸಿಬಿಟಿ-ಐ ಎಂದು ಹೆಸರು. ದೀರ್ಘಕಾಲದ ನಿದ್ರಾಹೀನತೆಗೆ ಮಾತ್ರೆಗಿಂತ ಮೊದಲು ಇದನ್ನೇ ಕೊಡಬೇಕೆಂದು ಅಮೆರಿಕನ್ ಕಾಲೇಜ್ ಆಫ್ ಫಿಸಿಷಿಯನ್ಸ್ ಎಂಬ ವೈದ್ಯರ ಸಂಘ 2016ರಲ್ಲಿ ಹೇಳಿತು.

ನಮ್ಮಲ್ಲಿ ಆಗುವುದು ತಿರುವುಮುರುವು. ಮೆಡಿಕಲ್ ಸ್ಟೋರಿಗೆ ಹೋಗಿ ನೆಂಟರು ಹೇಳಿದ ಮಾತ್ರೆ ಕೇಳುತ್ತೇವೆ. ಅಂಥ ಮಾತ್ರೆಗಳಲ್ಲೊಂದಾದ ಅಲ್ಪ್ರಜೋಲಾಮ್ ಎಚ್1 ಪಟ್ಟಿಯ ಔಷಧಿ, ಚೀಟಿಯಿಲ್ಲದೆ ಮಾರುವಂತಿಲ್ಲ. ಅಭ್ಯಾಸವಾದರೆ ಬಿಡಿಸುವುದು ಕಷ್ಟ. ಅಪ್ಪ ಅಮ್ಮ ಇಬ್ಬರೂ ಮಾತ್ರೆಯ ಮಂಪರಿನಲ್ಲಿದ್ದರೆ ಪಕ್ಕದಲ್ಲಿರುವ ಕೂಸಿನ ಗತಿ ಏನೆಂದು ಯೋಚಿಸಿ.

ವಾರಕ್ಕೆ ಮೂರು ರಾತ್ರಿಯಂತೆ ಮೂರು ತಿಂಗಳು ಹೀಗಾದರೆ ವೈದ್ಯರ ಬಳಿ ಹೋಗಬೇಕು. ಥೈರಾಯ್ಡ್ ನೋಡಿಸಿ, ಮಲಗಿದಾಗ ಕಾಲನ್ನು ಸುಮ್ಮನಿಡಲು ಆಗದಿದ್ದರೆ ಕಬ್ಬಿಣದ ಅಂಶವನ್ನೂ ನೋಡಿಸಿ.

ಆದರೆ ಹೊಸ ಬಾಣಂತಿಯ ವಿಷಯದಲ್ಲಿ ಮೂರು ತಿಂಗಳು ಕಾಯಬೇಡಿ. ಕೂಸು ಮಲಗಿದ್ದರೂ, ನೋಡಿಕೊಳ್ಳಲು ಜನರಿದ್ದರೂ ಆಕೆಗೆ ನಿದ್ದೆ ಹತ್ತದಿದ್ದರೆ ಅದು ಖಿನ್ನತೆಯ ಸೂಚನೆಯಿರಬಹುದು. ಜೊತೆಗೆ ಇಲ್ಲಸಲ್ಲದ ಅನುಮಾನ, ಅಸಂಬದ್ಧ ಮಾತು ಶುರುವಾದರೆ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ. ದೃಷ್ಟಿ ತೆಗೆಯುತ್ತಾ ಕೂರಬೇಡಿ. ತಾಯಿ ಮಗು ಇಬ್ಬರನ್ನೂ ಒಟ್ಟಿಗೆ ದಾಖಲಿಸಿಕೊಳ್ಳುವ ವಿಭಾಗ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿದೆ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ. ದಿನದ 24 ಗಂಟೆಯೂ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.