ಪುಟ್ಟಗೌರಿಯನ್ನು ಕಂಡು ನಕ್ಕವರಿಗೆ

ಬೆಟ್ಟದ ಮೇಲಿನಿಂದ ಬಿದ್ದ ಹೆಣ್ಣು ಸಾಯಲಿಲ್ಲವೆಂದು ಬುದ್ಧಿವಂತರು ನಕ್ಕರು. 2017ರ ಸುಮಾರಿಗೆ ‘ಪುಟ್ಟಗೌರಿ ಮದುವೆ’ ಧಾರಾವಾಹಿಯ ಆ ಪ್ರಸಂಗವನ್ನು ಹಿಡಿದು ಮೊಬೈಲುಗಳಲ್ಲಿ ಎಬ್ಬಿಸಿದ ಗೇಲಿ ಅಷ್ಟಿಷ್ಟಲ್ಲ. ಧಾರಾವಾಹಿ 2018ರಲ್ಲಿ ಮುಗಿಯಿತು, ಗೇಲಿ ಮುಗಿಯಲಿಲ್ಲ. ನಮ್ಮ ದುದ್ದದ ಕಡೆಯಲ್ಲೂ ಹೆಂಗಸರು ಟೀವಿಯ ಮುಂದೆ ಕುಳಿತರೆ ಸಾಕು, ‘ಪುಟ್ಟಗೌರಿ ಮತ್ತೆ ಬಿದ್ದಳೋ?’ ಎಂದು ಕೇಳುವ ಗಂಡಸರಿದ್ದಾರೆ. ಈ ಮಹಾಶಯರಿಗೆ ನಾವು ಎರಡು ಮಾತು ಹೇಳಬೇಕಾಗಿದೆ.

ದೋಷಗಳನ್ನು ನಾವೇ ಮೊದಲು ಒಪ್ಪುತ್ತೇವೆ. 2012ರ ಡಿಸೆಂಬರಿನಲ್ಲಿ ಆಗಿನ ಈಟಿವಿ ಕನ್ನಡದಲ್ಲಿ ಆರಂಭವಾದ ಕಥೆಯನ್ನು ಆರು ವರ್ಷದ ಹತ್ತಿರ ಎಳೆದರು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಬಾಲ್ಯವಿವಾಹದ ಅನ್ಯಾಯವನ್ನು ತೋರಿಸಲು ಹೊರಟ ಕಥೆಯು, ಮಹೇಶ ಹಿಮಾಳನ್ನು ಕಟ್ಟಿಕೊಂಡ ಮೇಲೆ, ಅದೇ ಗಂಡನನ್ನು ಮರಳಿ ಪಡೆಯುವುದೇ ಗೌರಿಯ ಬಾಳಿನ ಗುರಿಯೆಂಬಂತೆ ಸಾಗಿತು. ಆಡುವ ವಯಸ್ಸಿನಲ್ಲಿ ಕಟ್ಟಿದ ತಾಳಿಯನ್ನು ಅವಳು ಏಕೆ ಹೊರಬೇಕು? ಕೇಳಬೇಕಾಗಿದ್ದ ಪ್ರಶ್ನೆ ಇದು. ನಕ್ಕವರಲ್ಲಿ ಎಷ್ಟು ಜನ ಇದನ್ನು ಕೇಳಿದರು? ಅವರಿಗೆ ಬೆಟ್ಟ ಕಂಡಿತು, ಮದುವೆ ಕಾಣಲಿಲ್ಲ.

ಸಿನಿಮಾದ ನಾಯಕ ಒಂದೇ ಏಟಿಗೆ ಹತ್ತು ಜನರನ್ನು ಗಾಳಿಗೆ ಹಾರಿಸಿದರೆ ಇವರೇ ಶಿಳ್ಳೆ ಹೊಡೆಯುತ್ತಾರೆ. ಹೊಲಿಗೆ ಯಂತ್ರದ ಮುಂದೆ ದಿನವೆಲ್ಲ ದುಡಿದು ಬಂದ ಹೆಣ್ಣುಮಗಳು ಅರ್ಧ ಗಂಟೆ ಗೌರಿಯ ಕಥೆ ನೋಡಿದರೆ ಮಾತ್ರ ಇವರಿಗೆ ತರ್ಕ ನೆನಪಾಗುತ್ತದೆ. ಈ ನಗು ಧಾರಾವಾಹಿಯ ಮೇಲಲ್ಲ, ಅದನ್ನು ನೋಡುವವರ ಮೇಲೆ.

ನಾವು ಶಾಲೆಯಲ್ಲಿ ಪಾಠ ಹೇಳಿದವರು. ಬೇಸಿಗೆ ರಜೆ ಕಳೆದು ಹಾಜರಿ ಕೂಗುವಾಗ ಒಂದು ಹೆಸರಿಗೆ ಉತ್ತರ ಬರುತ್ತಿರಲಿಲ್ಲ. ‘ಅವಳಿಗೆ ಮದುವೆ ಆಯ್ತು ಸಾ’ ಎಂದು ಪಕ್ಕದ ಹುಡುಗಿ ಹೇಳುತ್ತಿದ್ದಳು. ನಾವು ಹೆಸರಿನ ಮುಂದೆ ಗೈರುಹಾಜರಿ ಬರೆದು ಮುಂದಿನ ಹೆಸರು ಕೂಗಿದೆವು. ಆ ನಾಚಿಕೆ ಇನ್ನೂ ನಮ್ಮನ್ನು ಬಿಟ್ಟಿಲ್ಲ.

ಕಾನೂನು ಇರಲಿಲ್ಲವೇ? 1929ರಲ್ಲೇ ಶಾರದಾ ಕಾಯಿದೆ ಬಂತು. 1978ರಲ್ಲಿ ಹೆಣ್ಣಿನ ಮದುವೆಯ ವಯಸ್ಸು 18 ಆಯಿತು. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯಿದೆ ಬಂತು. ಜಗತ್ತೆಲ್ಲ ಗೌರಿಯನ್ನು ಕಂಡು ನಗುತ್ತಿದ್ದ 2017ರಲ್ಲೇ, ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು ಎನ್ನುವ ತಿದ್ದುಪಡಿ ಕರ್ನಾಟಕದಲ್ಲಿ ಜಾರಿಗೆ ಬಂತು. ಆದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ, ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ನೂರು ಹೆಣ್ಣುಮಕ್ಕಳಲ್ಲಿ 21 ಮಂದಿಗೆ 18 ತುಂಬುವ ಮೊದಲೇ ಮದುವೆಯಾಗಿತ್ತು.

ಸರ್ಕಾರದ ಗೆಜೆಟ್ಟನ್ನು ಯಾವ ಅಜ್ಜಿ ಓದಿದ್ದಾಳೆ? ಆದರೆ ಸಾನ್ಯಾ ಅಯ್ಯರ್ ಎಂಬ ಪುಟ್ಟ ಹುಡುಗಿ ಮದುವಣಗಿತ್ತಿಯ ವೇಷದಲ್ಲಿ ನಿಂತದ್ದನ್ನು ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಚಾಪೆಯ ಮೇಲೆ ಕುಳಿತು ನೋಡಿದರು. ಮನೆಯಲ್ಲಿ ಬಾಯಿಬಿಟ್ಟು ಆಡಲಾಗದ ಮಾತಿಗೆ ಅಲ್ಲೊಂದು ನೆಪ ಸಿಕ್ಕಿತು. ಇಷ್ಟನ್ನು ಮಾಡಿದ ಕಥೆಗೆ ಒಂದು ಸುಳ್ಳು ಬೆಟ್ಟವನ್ನು ನಾವು ಕ್ಷಮಿಸುತ್ತೇವೆ.

ಕಾರ್ಮಿಕ ಬಂಧುಗಳೇ, ವ್ಯಾಪಾರಿ ಮಿತ್ರರೇ! ನಗಬೇಕೆನಿಸಿದರೆ ನಗಿರಿ. ಆದರೆ ನಿಮ್ಮ ಬೀದಿಯಲ್ಲಿ ಒಂಬತ್ತನೇ ಕ್ಲಾಸಿನ ಹುಡುಗಿಗೆ ಚಪ್ಪರ ಎದ್ದ ದಿನ ಊಟದ ಎಲೆಯ ಮುಂದೆ ಕೂರಬೇಡಿ. 1098ಕ್ಕೆ ಫೋನು ಮಾಡಿ. ಟೀವಿಯ ಗೌರಿ ಎಲ್ಲಿಂದ ಬಿದ್ದರೂ ಎದ್ದು ಬರುತ್ತಾಳೆ, ನಮ್ಮ ಬೀದಿಯ ಹುಡುಗಿ ಏಳಲಾರಳು.