ವಾಚು ಗಿರಾಕಿ ಕೈಗೆ, ಬೀಗದ ಕೈ ಕಂಪನಿಗೆ!

ತುಮಕೂರಿನವರಿಗೆ ವಾಚಿನ ಕತೆಯನ್ನು ಬೇರೆಯವರು ಬಂದು ಹೇಳಬೇಕಾಗಿಲ್ಲ. 1978ರಲ್ಲಿ ಊರ ಪಕ್ಕದಲ್ಲೇ ಎಚ್‌ಎಂಟಿ ವಾಚು ಕಾರ್ಖಾನೆ ಬಂತು. ಎಷ್ಟೋ ಮನೆಗಳ ಒಲೆ ಅದರಿಂದ ಉರಿಯಿತು. 2016ರಲ್ಲಿ ಕೇಂದ್ರ ಸರ್ಕಾರ ಎಚ್‌ಎಂಟಿ ವಾಚು ಕಂಪನಿಗೆ ಬಾಗಿಲು ಹಾಕುವ ತೀರ್ಮಾನ ಮಾಡಿತು. ಕಾರ್ಖಾನೆ ಹೋಯಿತು, ಜಾಗ ಇಸ್ರೋ ಪಾಲಾಯಿತು. ಆದರೆ ಅಪ್ಪ ಮದುವೆಯಲ್ಲಿ ಕಟ್ಟಿಕೊಂಡ ‘ಜನತಾ’ ವಾಚು ಎಷ್ಟೋ ಮನೆಗಳಲ್ಲಿ ಇನ್ನೂ ಓಡ್ತಾ ಇದೆ. ಬೆಳಿಗ್ಗೆ ಎದ್ದು ಕೀ ಕೊಟ್ಟರೆ ಸಾಕು. ನಿಂತು ಹೋದರೆ, ಕಣ್ಣಿಗೆ ಭೂತಗನ್ನಡಿ ಸಿಕ್ಕಿಸಿಕೊಂಡು ಕೂತ ರಿಪೇರಿಯವನು ಬೆನ್ನು ಬಿಚ್ಚಿ, ಒಳಗೆ ಕೈಯಾಡಿಸಿ, ಮತ್ತೆ ಟಿಕ್ ಟಿಕ್ ಅನ್ನಿಸುತ್ತಾನೆ. ಕಂಪನಿ ಸತ್ತಿತು, ವಾಚು ಸಾಯಲಿಲ್ಲ.

ಈಗ ಬಸ್ ಸ್ಟ್ಯಾಂಡಿನಲ್ಲಿ ನಿಂತವರ ಕೈ ನೋಡಿ. ಹತ್ತರಲ್ಲಿ ಎಷ್ಟೋ ಕೈಗೆ ಸ್ಮಾರ್ಟ್‌ವಾಚ್ ಬಂದಿದೆ. ಹೆಜ್ಜೆ ಎಣಿಸುತ್ತೆ, ನಾಡಿ ನೋಡುತ್ತೆ, ಫೋನ್ ಬಂದರೆ ಮಣಿಕಟ್ಟಿನಲ್ಲೇ ಗುರ್ ಅನ್ನುತ್ತೆ. ಎರಡು ಸಾವಿರದೊಳಗೇ ಸಿಗುತ್ತೆ. ಸಂತೋಷ. ಆದರೆ ಒಂದೇ ಒಂದು ಪ್ರಶ್ನೆ: ಇದನ್ನು ಮಾಡಿದ ಕಂಪನಿ ನಾಳೆ ಬಾಗಿಲು ಹಾಕಿದರೆ ಈ ವಾಚಿನ ಗತಿ ಏನು? ರಿಪೇರಿಯವನ ಭೂತಗನ್ನಡಿಗೆ ಇದರ ಒಳಗಿನ ರೋಗ ಕಾಣುತ್ತದೆಯೇ?

ಈ ಪ್ರಶ್ನೆಗೆ ಉತ್ತರ ಒಮ್ಮೆ ಸಿಕ್ಕಿದೆ. ಸಿಕ್ಕಿದ್ದು ಅಮೆರಿಕದಲ್ಲಿ. ಉತ್ತರ ಕೊಟ್ಟವರು ಸರ್ಕಾರದವರಲ್ಲ, ಕಂಪನಿಯವರೂ ಅಲ್ಲ. ಹಗಲು ಹೊಟ್ಟೆಪಾಡಿನ ಕೆಲಸ, ರಾತ್ರಿ ಮನೆಯಲ್ಲಿ ವಾಚಿಗೆ ಕಾರ್ಯಕ್ರಮ ಬರೆಯುವ ಹುಚ್ಚು ಇದ್ದ ಹವ್ಯಾಸಿಗಳು!

ಸೈಕಲ್ ಮೇಲೆ ಹುಟ್ಟಿದ ವಾಚು

ಎರಿಕ್ ಮಿಗಿಕೋವ್‌ಸ್ಕಿ ಎಂಬ ಕೆನಡಾದ ಹುಡುಗ ಓದಲಿಕ್ಕೆಂದು ಹಾಲೆಂಡಿನ ಡೆಲ್ಫ್ಟ್ ಊರಿಗೆ ಹೋಗಿದ್ದ. ಆ ಊರಿನಲ್ಲಿ ಎಲ್ಲರೂ ಸೈಕಲ್ ಸವಾರರೇ. ಸೈಕಲ್ ತುಳಿಯುವಾಗ ಜೇಬಿನಿಂದ ಫೋನ್ ತೆಗೆಯುವ ಗೋಜು ಯಾಕೆ, ಬಂದ ಸಂದೇಶ ಕೈಮೇಲೇ ಕಾಣಿಸಿದರೆ ಆಗದೇ ಅಂತ ಅವನಿಗೆ ಹೊಳೆಯಿತು. ಅದರಿಂದ ಹುಟ್ಟಿದ್ದು ‘ಪೆಬಲ್’ ವಾಚು. ಬಂಡವಾಳ ಹಾಕುವ ದೊಡ್ಡವರು ಕೈ ಕೊಟ್ಟಾಗ, 2012ರ ಏಪ್ರಿಲ್‌ನಲ್ಲಿ ‘ಕಿಕ್‌ಸ್ಟಾರ್ಟರ್’ ಮೂಲಕ ಜನರ ಮುಂದೆಯೇ ಜೋಳಿಗೆ ಹಿಡಿದ. ಕೇಳಿದ್ದು ಒಂದು ಲಕ್ಷ ಡಾಲರ್. ಒಂದು ತಿಂಗಳು ಚಿಲ್ಲರೆ ದಿನದಲ್ಲಿ 68,929 ಮಂದಿ ಸೇರಿ ಕೊಟ್ಟಿದ್ದು ಒಂದು ಕೋಟಿ ಡಾಲರಿಗೂ ಮೇಲೆ. ಆಗಿನ ಲೆಕ್ಕದಲ್ಲಿ ಅದು 50 ಕೋಟಿ ರೂಪಾಯಿಯನ್ನೂ ದಾಟಿತು. 2013ರ ಜನವರಿಯಿಂದ ವಾಚು ಗಿರಾಕಿಗಳ ಕೈ ಸೇರತೊಡಗಿತು.

ವಾಚು ನೋಡೋಕೆ ಸಾದಾ. ಕಪ್ಪು-ಬಿಳುಪು ಪರದೆ, ಅಡ್ಡ 144 ಚುಕ್ಕಿ, ಉದ್ದ 168 ಚುಕ್ಕಿ. ಮುಟ್ಟಿದರೆ ಕೆಲಸ ಮಾಡುವ ಗಾಜಿಲ್ಲ, ಪಕ್ಕದಲ್ಲಿ ಗುಂಡಿಗಳು ಅಷ್ಟೇ. ಬಿಸಿಲಲ್ಲಿ ನಿಚ್ಚಳವಾಗಿ ಕಾಣುತ್ತಿತ್ತು, ಒಂದು ಸಲ ಚಾರ್ಜ್ ಮಾಡಿದರೆ ಹೆಚ್ಚು ಕಡಿಮೆ ವಾರ ಬರುತ್ತಿತ್ತು. ಎಲ್ಲಕ್ಕಿಂತ ದೊಡ್ಡ ಗುಣ ಇನ್ನೊಂದಿತ್ತು. ಕಂಪನಿ ಬಾಗಿಲು ತೆರೆದಿಟ್ಟಿತ್ತು. ಸಿ ಭಾಷೆ ಬಲ್ಲ ಯಾರು ಬೇಕಾದರೂ ವಾಚಿಗೆ ಆ್ಯಪ್ ಬರೆಯಬಹುದು, ಅದನ್ನು ಕಂಪನಿಯ ಆ್ಯಪ್ ಅಂಗಡಿಯಲ್ಲಿ ಇಡಬಹುದು. ಶುಲ್ಕ ಇಲ್ಲ, ಶಿಫಾರಸು ಬೇಡ.

ಇಪ್ಪತ್ತನಾಲ್ಕರ ಸಂಸಾರ

ಹಾಗಂತ ಕೆಲಸ ಸುಲಭವೇನೂ ಇರಲಿಲ್ಲ. ಮೊದಲ ಪೆಬಲ್‌ನಲ್ಲಿ ಒಂದು ಆ್ಯಪ್‌ಗೆ ಸಿಗುತ್ತಿದ್ದ ನೆನಪಿನ ಜಾಗ 24 ಕೆಬಿ. ಅಂದರೆ ಎಷ್ಟು? ಈ ಪುಟದ ಈ ಬರಹವನ್ನೇ ಕಂಪ್ಯೂಟರಿನಲ್ಲಿ ಕೂಡಿಸಿದರೆ ಅಷ್ಟರಲ್ಲಿ ಹಿಡಿಸುವುದಿಲ್ಲ! ಅಷ್ಟು ಕಿರಿದಾದ ಕೋಣೆಯಲ್ಲಿ ಕಾರ್ಯಕ್ರಮವೂ ಇರಬೇಕು, ಅದು ಲೆಕ್ಕ ಹಾಕುವ ಅಂಕಿಗಳೂ ಇರಬೇಕು. ಒಂದು ಕಡೆ ಜಾಗ ತೆಗೆದುಕೊಂಡು ವಾಪಸು ಬಿಡಲಿಕ್ಕೆ ಮರೆತರೆ ಸಾಕು, ಆ್ಯಪ್ ಅಲ್ಲೇ ಕುಸಿಯುತ್ತಿತ್ತು. ತಿಂಗಳ ಕೊನೆಯ ಸಂಬಳದಲ್ಲಿ ಸಂಸಾರ ತೂಗಿಸಿದವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ.

ಬ್ಯಾಟರಿಯದು ಇನ್ನೊಂದು ತಲೆನೋವು. ಸೆಕೆಂಡು ಮುಳ್ಳು ಬೇಕು ಅಂದರೆ ವಾಚು ಪ್ರತಿ ಸೆಕೆಂಡಿಗೂ ಎಚ್ಚರಾಗಿ ಪರದೆ ಬರೆಯಬೇಕು. ನಿಮಿಷಕ್ಕೊಮ್ಮೆ ಬರೆದರೆ ಸಾಕು ಅಂದರೆ ಉಳಿದ 59 ಸೆಕೆಂಡು ನಿದ್ದೆ ಮಾಡಬಹುದು. ಅನುಭವ ಇದ್ದ ಹವ್ಯಾಸಿ ಎರಡನೆಯದನ್ನೇ ಆರಿಸುತ್ತಿದ್ದ. ವಾಚಿಗೆ ಸ್ವಂತ ಇಂಟರ್ನೆಟ್ ಇಲ್ಲ. ಹವಾಮಾನವೋ ಬಸ್ಸಿನ ವೇಳೆಯೋ ಬೇಕೆಂದರೆ ಜೇಬಿನಲ್ಲಿದ್ದ ಫೋನು ಅದನ್ನು ತರಬೇಕು, ಬ್ಲೂಟೂತ್ ಮೂಲಕ ಚೂರು ಚೂರಾಗಿ ವಾಚಿಗೆ ದಾಟಿಸಬೇಕು. ಅದಕ್ಕೆಂದು ಫೋನಿನ ಕಡೆ ಜಾವಾಸ್ಕ್ರಿಪ್ಟ್‌ನಲ್ಲಿ ಬೇರೆ ತುಣುಕು ಬರೆಯಬೇಕು. ಒಂದು ಬಸ್ಸಿನ ವೇಳೆ ತೋರಿಸಲಿಕ್ಕೆ ಎರಡು ಭಾಷೆ, ಎರಡು ಯಂತ್ರ, ನಾಲ್ಕು ರಾತ್ರಿ ನಿದ್ದೆಗೇಡು!

ಆದರೂ ಬರೆದರು. ಒಂದಲ್ಲ ಎರಡಲ್ಲ, ಆ್ಯಪ್‌ಗಳೂ ವಾಚಿನ ಮುಖಗಳೂ ಸೇರಿ ಹತ್ತು ಸಾವಿರಕ್ಕೂ ಮೇಲೆ. ಗುಬ್ಬಿ ಕಂಪನಿ ನಾಟಕ ನೋಡಿದ ಜಿಲ್ಲೆಗೆ ವೃತ್ತಿ ಕಂಪನಿಗೂ ಹವ್ಯಾಸಿ ಮಂಡಳಿಗೂ ಇರುವ ವ್ಯತ್ಯಾಸ ಗೊತ್ತು. ವೃತ್ತಿಯವರು ಗಲ್ಲಾಪೆಟ್ಟಿಗೆ ನೋಡಿ ಪರದೆ ಎತ್ತುತ್ತಾರೆ. ಹವ್ಯಾಸಿಗಳು ಕೈಯಿಂದ ಕಾಸು ಹಾಕಿ, ಬಣ್ಣ ಹಚ್ಚಿಕೊಂಡು, ಪ್ರೇಕ್ಷಕ ಚಪ್ಪಾಳೆ ತಟ್ಟಿದರೆ ಅದೇ ಸಂಭಾವನೆ ಅಂತ ಮನೆಗೆ ಹೋಗುತ್ತಾರೆ. ಪೆಬಲ್ ಬಳಗದಲ್ಲಿ ಬಹಳ ಮಂದಿ ಎರಡನೇ ಜಾತಿಯವರು.

ಬಾಗಿಲು ಬಿತ್ತು

ಎರಡು ದಶಲಕ್ಷಕ್ಕೂ ಹೆಚ್ಚು ವಾಚು ಮಾರಿದ ಕಂಪನಿ ಉಳಿಯಬೇಕಿತ್ತು, ಉಳಿಯಲಿಲ್ಲ. ಅಷ್ಟರಲ್ಲಿ ಆ್ಯಪಲ್‌ನಂಥ ಆನೆಗಳು ಕಣಕ್ಕಿಳಿದಿದ್ದವು. 2016ರ ಡಿಸೆಂಬರಿನಲ್ಲಿ ಪೆಬಲ್ ಕೈಚೆಲ್ಲಿತು. ಸುಮಾರು 2.3 ಕೋಟಿ ಡಾಲರಿಗೆ ಫಿಟ್‌ಬಿಟ್ ಕಂಪನಿ ಅದರ ಸಾಫ್ಟ್‌ವೇರನ್ನು ಕೊಂಡಿತು. ಮುಂಗಡ ಕೊಟ್ಟು ಕಾದಿದ್ದ ಹೊಸ ಮಾದರಿಗಳು ರದ್ದಾದವು. 2018ರ ಜೂನ್ 30ಕ್ಕೆ ಪೆಬಲ್‌ನ ಸರ್ವರ್‌ಗಳು ನಿಂತವು. ವಾಚು ಗಂಟೆ ತೋರಿಸುವುದನ್ನೇನೋ ಬಿಡಲಿಲ್ಲ. ಆದರೆ ಆ್ಯಪ್ ಅಂಗಡಿ ಹೋಯಿತು. ಮಾತಿನಲ್ಲಿ ಹೇಳಿ ಬರೆಸುವ ಅನುಕೂಲ ಹೋಯಿತು. ಹವಾಮಾನ ಹೋಯಿತು. ವಾಚಿಗೆ ದುಡ್ಡು ಕೊಟ್ಟವನು ಕೊಟ್ಟಾಗಿತ್ತು. ಕೊಟ್ಟೋನು ಕೋಡಂಗಿ, ಇಸ್ಕೊಂಡೋನು ಈರಭದ್ರ!

ಸಾಮಾನ್ಯವಾಗಿ ಕತೆ ಇಲ್ಲಿಗೆ ಮುಗಿಯುತ್ತೆ. ವಾಚು ಮೇಜಿನ ಸಂದಿ ಸೇರುತ್ತೆ, ಗಿರಾಕಿ ಹೊಸದಕ್ಕೆ ದುಡ್ಡು ಎಣಿಸುತ್ತಾನೆ. ಆದರೆ ಈ ಹವ್ಯಾಸಿಗಳು ಸುಮ್ಮನೆ ಕೂರಲಿಲ್ಲ. ದೀಪ ಆರುವ ಮುಂಚೆಯೇ ಅಂಗಡಿಯಲ್ಲಿದ್ದ ಆ್ಯಪ್‌ಗಳನ್ನೆಲ್ಲ ನಕಲು ಮಾಡಿ ಕಾಪಾಡಿಕೊಂಡರು. ‘ರೆಬಲ್’ ಅಂತ ಹೆಸರಿಟ್ಟುಕೊಂಡು, ಪೆಬಲ್‌ನ ಸರ್ವರ್ ಮಾಡುತ್ತಿದ್ದ ಕೆಲಸವನ್ನು ತಾವೇ ಹೊತ್ತರು. ಆ್ಯಪ್‌ಗಳು ಪುಕ್ಕಟೆ. ಹವಾಮಾನಕ್ಕೂ ಮಾತು ಬರೆಸಲಿಕ್ಕೂ ಹೊರಗಿನವರಿಗೆ ದುಡ್ಡು ಕಟ್ಟಬೇಕಾದ್ದರಿಂದ ಅದಕ್ಕೆ ಮಾತ್ರ ತಿಂಗಳಿಗೆ 3 ಡಾಲರ್ ಚಂದಾ ಇಟ್ಟರು. ಸತ್ತ ಕಂಪನಿಯ ವಾಚು ಮತ್ತೆ ಮಾತಾಡಿತು.

2021ರಲ್ಲಿ ಫಿಟ್‌ಬಿಟ್ಟೇ ಗೂಗಲ್‌ನ ಹೊಟ್ಟೆ ಸೇರಿತು. ಜೊತೆಗೆ ಪೆಬಲ್‌ನ ಕೋಡೂ ಹೋಯಿತು. 2025ರ ಜನವರಿಯಲ್ಲಿ ಗೂಗಲ್ ಆ ಕೋಡಿನ ಬಹುಪಾಲನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. ಅದೇ ವರ್ಷ ಮಿಗಿಕೋವ್‌ಸ್ಕಿ ಹೊಸ ಕಂಪನಿ ಕಟ್ಟಿ, ಅದೇ ಕೋಡಿನ ಮೇಲೆ ಓಡುವ ಹೊಸ ವಾಚು ಮಾರಲು ಹೊರಟ. ಹಳೇ ಆ್ಯಪ್ ಹೊಸ ವಾಚಿನಲ್ಲಿ ಓಡಿತು. ಸಂತೆಯಲ್ಲಿ ಕಳೆದುಹೋದ ಎತ್ತು ಕೊಟ್ಟಿಗೆಗೆ ವಾಪಸು ಬಂದಂತಾಯಿತು.

ಎತ್ತು ಬಂತು, ಹಗ್ಗದ ಜಗಳವೂ ಬಂತು. 2025ರ ನವೆಂಬರಿನಲ್ಲಿ ಕಾಪಾಡಿದ ರೆಬಲ್ ಬಳಗಕ್ಕೂ ಹೊಸ ಕಂಪನಿಗೂ ಆ ಆ್ಯಪ್ ಭಂಡಾರದ ವಿಚಾರದಲ್ಲಿ ಬಹಿರಂಗವಾಗೇ ಜಟಾಪಟಿ ಆಯಿತು. ಯಾರ ಕಡೆ ಎಷ್ಟು ನ್ಯಾಯ ಎನ್ನುವುದು ಹಾಗಿರಲಿ. ರಾತ್ರಿ ಕೂತು ಆ ಆ್ಯಪ್ ಬರೆದವರು ಈ ಜಗಳದಲ್ಲಿ ಮೂರನೆಯವರಾಗಬಾರದು. ಗದ್ದೆ ಉತ್ತವನನ್ನು ಮರೆತು ಕಣಜದ ಬೀಗಕ್ಕೆ ಹೊಡೆದಾಡಿದರೆ ನೋಡಲಿಕ್ಕೆ ಚೆಂದವಲ್ಲ.

ಇಲ್ಲಿಯ ಲೆಕ್ಕ

ಇಷ್ಟೆಲ್ಲ ಅಮೆರಿಕದ ಪುರಾಣ ತುಮಕೂರಿಗೆ ಯಾಕೆ ಅನ್ನಬಹುದು. ಇಲ್ಲೇ ಇದೆ ವಿಷಯ.

ಇಲ್ಲಿ ಅಗ್ಗಕ್ಕೆ ಬಿಕರಿಯಾಗುವ ವಾಚುಗಳಲ್ಲಿ ಬಹುಪಾಲಿಗೆ ಹೊರಗಿನವರು ಆ್ಯಪ್ ಬರೆಯಲಿಕ್ಕೆ ದಾರಿಯೇ ಇಲ್ಲ. ಕಂಪನಿ ಹಾಕಿಕೊಟ್ಟದ್ದೇ ಪ್ರಸಾದ. ದುಬಾರಿ ವಾಚಿಗೆ ದಾರಿ ಇದೆ, ಆದರೆ ಟೋಲ್ ಗೇಟೂ ಇದೆ. ಆ್ಯಪಲ್ ವಾಚಿಗೆ ಬರೆಯಬೇಕಾದರೆ ಅದೇ ಕಂಪನಿಯ ಕಂಪ್ಯೂಟರ್ ಬೇಕು. ಬರೆದದ್ದನ್ನು ಜನರಿಗೆ ಮುಟ್ಟಿಸಬೇಕಾದರೆ ವರ್ಷಕ್ಕೆ 99 ಡಾಲರ್, ಅಂದರೆ ಎಂಟು ಸಾವಿರ ರೂಪಾಯಿಗೂ ಮೇಲೆ ಕಟ್ಟಬೇಕು. ಕಟ್ಟದಿದ್ದರೆ ಹುಡುಗ ತಾನೇ ಬರೆದು ತನ್ನ ಕೈಯ ವಾಚಿಗೇ ಹಾಕಿಕೊಂಡ ಆ್ಯಪ್ ಏಳು ದಿನಕ್ಕೆ ನಿಂತು ಹೋಗುತ್ತದೆ! ತಿಪಟೂರಿನ ಕಡೆಯಿಂದ ದಿನಾ ಬಸ್ಸಿನಲ್ಲಿ ಬಂದು ಪಾಲಿಟೆಕ್ನಿಕ್ ಓದುವ ಹುಡುಗ ಎಂಟು ಸಾವಿರ ಎಲ್ಲಿಂದ ತರಬೇಕು ಸ್ವಾಮಿ?

ಬೇರೆ ದಾರಿ ಇಲ್ಲದೇ ಇಲ್ಲ. ‘ಪೈನ್‌ಟೈಮ್’ ಎಂಬ ವಾಚಿದೆ, ‘ಬ್ಯಾಂಗಲ್.ಜೆಎಸ್’ ಎಂಬುದಿದೆ. ಎರಡರ ಒಳಗಿನ ಕೋಡೂ ಬಯಲಿಗಿದೆ. ಬ್ಯಾಂಗಲ್‌ಗಂತೂ ಬ್ರೌಸರಿನಲ್ಲೇ ಜಾವಾಸ್ಕ್ರಿಪ್ಟ್ ಬರೆದು ಬ್ಲೂಟೂತ್‌ನಲ್ಲಿ ಕಳಿಸಿದರೆ ಆಯಿತು, ಕಂಪನಿಯ ಅಪ್ಪಣೆ ಬೇಡ. ಕಾಲೇಜಿನ ಲ್ಯಾಬಿನಲ್ಲಿ ಇಂಥವು ನಾಲ್ಕಿದ್ದರೆ ಹುಡುಗರು ಏನೇನು ಮಾಡಿಯಾರು! ಕನ್ನಡ ಅಂಕಿಯ ವಾಚಿನ ಮುಖ ಬೇಕೆಂದರೆ ಸೊನ್ನೆಯಿಂದ ಒಂಬತ್ತರವರೆಗೆ ಹತ್ತು ಚಿತ್ರ ಬರೆದರೆ ಸಾಕು. ಯಾವ ದೊಡ್ಡ ಕಂಪನಿಯೂ ತುಮಕೂರಿನವರಿಗಾಗಿ ಅದನ್ನು ಮಾಡಿಕೊಡುವ ತನಕ ಕಾಯಬೇಕಾಗಿಲ್ಲ. ಹಳ್ಳಿ ಬಸ್ಸಿನ ವೇಳೆಯೂ ಅಷ್ಟೇ. ಆ ಬಸ್ಸಿಗೆ ಕಾಯುವವನೇ ಬರೆದರೆ ಸರಿಯಾಗಿ ಬರೆದಾನು.

ಅಂಗಡಿಯವರಿಗೂ ಇದರಲ್ಲಿ ಪಾಲಿದೆ. ಕೆಟ್ಟ ವಾಚು ಹಿಡಿದು ಗಿರಾಕಿ ಬರುವುದು ಅಮೆರಿಕಕ್ಕಲ್ಲ, ಕೊಂಡ ಅಂಗಡಿಗೇ. ಬಯ್ಯಿಸಿಕೊಳ್ಳುವವರು ಅಂಗಡಿಯವರೇ. ಆದ್ದರಿಂದ ಸರಕು ಇಳಿಸುವ ಮುಂಚೆ ಡೀಲರನ್ನು ಮೂರು ಮಾತು ಕೇಳಿ. ಸಾಫ್ಟ್‌ವೇರ್ ಎಷ್ಟು ವರ್ಷ ನೋಡಿಕೊಳ್ತೀರಿ? ಕಂಪನಿಯ ಸರ್ವರ್ ನಿಂತರೆ ವಾಚಿನಲ್ಲಿ ಏನು ಉಳಿಯುತ್ತೆ, ಏನು ಹೋಗುತ್ತೆ? ಹೊರಗಿನವರು ಇದಕ್ಕೆ ಆ್ಯಪ್ ಬರೆಯಬಹುದಾ? ಉತ್ತರ ಡಬ್ಬಿಯ ಮೇಲೆ ಅಚ್ಚಾಗಿ ಬರಲಿ. ಬಿಸ್ಕತ್ತಿನ ಪೊಟ್ಟಣದ ಮೇಲೆ ಬಾಳಿಕೆಯ ತಾರೀಖು ಹಾಕಲೇಬೇಕು. ಎರಡು ಸಾವಿರದ ವಾಚಿಗೆ ಯಾಕೆ ಬೇಡ?

ಸರ್ಕಾರಕ್ಕೂ ಒಂದು ಮಾತು. 2022ರ ಡಿಸೆಂಬರಿನಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ರಿಪೇರಿ ಹಕ್ಕು’ ಪೋರ್ಟಲ್ ತೆರೆಯಿತು. ಒಳ್ಳೇ ಕೆಲಸ. ಆದರೆ ಸ್ಮಾರ್ಟ್‌ವಾಚಿನ ರಿಪೇರಿ ಅಂದರೆ ಬರೀ ಬ್ಯಾಟರಿ, ಗಾಜು ಅಲ್ಲ. ಬಾಗಿಲು ಹಾಕುವ ಕಂಪನಿ, ತಾನು ಮಾರಿದ ವಾಚಿನ ಕೋಡನ್ನೂ ಬೀಗದ ಕೈಯನ್ನೂ ಸಾರ್ವಜನಿಕರಿಗೆ ಬಿಟ್ಟು ಹೋಗಬೇಕು ಅಂತ ನಿಯಮ ಬರಲಿ. ಗೂಗಲ್ ತಾನಾಗಿ ಬಿಟ್ಟುಕೊಟ್ಟಿತು, ಅದು ಅದರ ದೊಡ್ಡತನ. ಎಲ್ಲರೂ ಹಾಗೆ ಮಾಡುತ್ತಾರೆಂಬ ಭರವಸೆ ಏನು? ದೊಡ್ಡವರ ದೊಡ್ಡತನ ನಂಬಿ ಗ್ರಾಹಕ ದುಡ್ಡು ಹಾಕಬಾರದು, ಕಾಗದ ನಂಬಿ ಹಾಕಬೇಕು.

ಇನ್ನು ಹವ್ಯಾಸಿಗಳು. ಅವರ ಕೆಲಸ ಪುಕ್ಕಟೆ ಸಿಗುತ್ತದೆಂದು ಅದು ಅಗ್ಗದ ಕೆಲಸವಲ್ಲ. ಅವರ ಆ್ಯಪ್ ಬಳಸುವವರು ಒಂದು ಕಾಫಿಯ ದುಡ್ಡಾದರೂ ಕಳಿಸಿದರೆ ಗಂಟೇನೂ ಹೋಗುವುದಿಲ್ಲ. ಮನೆಯಲ್ಲಿ ಹುಡುಗನೋ ಹುಡುಗಿಯೋ ರಾತ್ರಿ ಹೊತ್ತು ಕಂಪ್ಯೂಟರ್ ಮುಂದೆ ಕೂತಿದ್ದರೆ, ದೀಪ ಆರಿಸುವ ಮುಂಚೆ ಏನು ಬರೆಯುತ್ತಿದ್ದಾರೆ ಅಂತ ಒಮ್ಮೆ ಕೇಳಿ ನೋಡಲಿ.

ಅಪ್ಪನ ಜನತಾ ವಾಚು ಉಳಿದದ್ದು ಅದರ ಬೆನ್ನು ಬಿಚ್ಚಲಿಕ್ಕೆ ಬರುತ್ತಿತ್ತು ಅನ್ನುವ ಕಾರಣಕ್ಕೆ, ಬಿಚ್ಚಬಲ್ಲವನು ಊರಲ್ಲೇ ಇದ್ದ ಅನ್ನುವ ಕಾರಣಕ್ಕೆ. ಮಗನ ಸ್ಮಾರ್ಟ್‌ವಾಚಿಗೂ ಅವೆರಡೇ ಬೇಕಾದ್ದು. ಬಿಚ್ಚಬಲ್ಲವರನ್ನು ಈ ಜಿಲ್ಲೆ ಈಗಲೂ ಹುಟ್ಟಿಸೀತು. ಬಿಚ್ಚಲಿಕ್ಕೆ ಬರುವ ವಾಚು ಬೇಕು ಅಂತ ಕೇಳುವ ಗಿರಾಕಿ ಮುಂದೆ ಬರಬೇಕು.